ಪದಚರ್ಚೆ: ‘ಸ್ಟಾರ್ಟಿಂಗ್ ಪಿಚರ್’ಗೆ ‘ಆರಂಭಿಕ ಎಸೆತಗಾರ’ ಅಂದರೆ ಸಾಕೇ?

ಗೆಳೆಯರೇ,

ಅಮೆರಿಕದ ಬೇಸ್‌ಬಾಲ್ ಆಟಗಾರ ಸ್ಯಾಂಡಿ ಕೋಫ್ಯಾಕ್ಸ್ ಅವರ ಮೊದಲ ಆರು ವರ್ಷಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಅವರು ‘ಸ್ಟಾರ್ಟಿಂಗ್ ಪಿಚರ್’, ಅಂದರೆ ತಂಡದ ಪರವಾಗಿ ಪಂದ್ಯದ ಮೊದಲಿನಿಂದ ಬ್ಯಾಟರ್‌ಗಳಿಗೆ ಚೆಂಡು ಎಸೆಯುವವರು. ಇದಕ್ಕೆ ಕನ್ನಡದಲ್ಲಿ ಏನು ಬರೆಯೋಣ ಅನ್ನುವುದು ನನ್ನ ಪ್ರಶ್ನೆ.

‘ಪಿಚರ್’ ಬಗ್ಗೆ ಹೆಚ್ಚು ತಕರಾರಿಲ್ಲ. ಹಾಗೇ ಬರೆದರೆ ಓದುವವರಿಗೆ ‘ಪಿಚ್ಚರ್’ ಅಂತ ಕೇಳಿಸುತ್ತದೆ, ನಮಗೆ ಅದು ಸಿನಿಮಾ. ‘ಬೌಲರ್’ ಅಂದರೆ ಓಡಿ ಬಂದು, ಮೊಣಕೈ ಮಡಿಸದೆ ಹಾಕುವವರು. ಇಲ್ಲಿ ಮಣ್ಣಿನ ದಿಬ್ಬದ ಮೇಲೆ ನಿಂತು, ಚೆಂಡು ನೆಲ ಮುಟ್ಟದ ಹಾಗೆ ಎಸೆಯಬೇಕು. ಅದಕ್ಕೇ ‘ಎಸೆತಗಾರ’ ಅಂತ ಇಟ್ಟುಕೊಂಡಿದ್ದೇನೆ.

ತೊಡಕು ಇರುವುದು ‘ಸ್ಟಾರ್ಟಿಂಗ್’ನಲ್ಲಿ. ಕ್ರಿಕೆಟ್ ವರದಿಗಳಿಂದಾಗಿ ‘ಆರಂಭಿಕ’ ಅನ್ನುವುದು ತಟ್ಟನೆ ಬಾಯಿಗೆ ಬರುತ್ತದೆ. ಆದರೆ ಲೇಖನ ಇರುವುದು ಅವರ ಆರಂಭಿಕ ದಿನಗಳ ಬಗ್ಗೆ. ‘ಆರಂಭಿಕ ಎಸೆತಗಾರನ ಆರಂಭಿಕ ದಿನಗಳು’ ಅಂತ ಬರೆದರೆ ಯಾರಿಗೆ ಏನು ಅರ್ಥವಾಗಬೇಕು? ‘ಸ್ಟಾರ್ಟರ್’ ಅಂತ ಬಿಟ್ಟರೆ ಪಂಪ್‌ಸೆಟ್ ನೆನಪಾಗುತ್ತದೆ, ಇಲ್ಲವೇ ಹೋಟೆಲಿನ ಊಟ.

ಇದಕ್ಕಿಂತ ದೊಡ್ಡ ತೊಂದರೆ ಅರ್ಥದ್ದು. ಕ್ರಿಕೆಟ್‌ನಲ್ಲಿ ಹೊಸ ಚೆಂಡು ಹಿಡಿದ ಬೌಲರ್ ಒಂದು ಓವರ್ ಹಾಕಿ ಬೌಂಡರಿ ಹತ್ತಿರ ಹೋಗಿ ನಿಲ್ಲುತ್ತಾರೆ. ಆಮೇಲೆ ಮತ್ತೆ ಬರುತ್ತಾರೆ. ಬೇಸ್‌ಬಾಲ್‌ನಲ್ಲಿ ಪಂದ್ಯ ಶುರು ಮಾಡಿದವರೇ ಒಂದೇ ಸಮನೆ ಎಸೆಯುತ್ತಾ ಹೋಗಬೇಕು. ಒಮ್ಮೆ ಹೊರಗೆ ಹೋದರೆ ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಕನಿಷ್ಠ ಐದು ಇನ್ನಿಂಗ್ಸ್ (ಇಲ್ಲಿ ಎದುರಾಳಿಯ ಮೂವರು ಔಟ್ ಆದರೆ ಎಸೆತಗಾರನಿಗೆ ಒಂದು ಇನ್ನಿಂಗ್ಸ್ ಮುಗಿದಂತೆ, ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು) ಎಸೆದರೆ ಮಾತ್ರ ಗೆಲುವು ಅವರ ಖಾತೆಗೆ ಸೇರುತ್ತದೆ. ಆಮೇಲೆ ಕೆಲವು ದಿನ ತೋಳಿಗೆ ವಿಶ್ರಾಂತಿ. ಅಷ್ಟರಲ್ಲಿ ಉಳಿದವರು ಒಬ್ಬೊಬ್ಬರಾಗಿ ಒಂದೊಂದು ಪಂದ್ಯ ನೋಡಿಕೊಳ್ಳುತ್ತಾರೆ. ಮತ್ತೆ ಇವರ ದಿನ ಬರುತ್ತದೆ. ಅಂದರೆ ‘ಸ್ಟಾರ್ಟಿಂಗ್’ ಅನ್ನುವುದು ಆಟ ಶುರುವಾಗುವ ಹೊತ್ತಿಗಿಂತ ಜಾಸ್ತಿಯಾಗಿ ಒಂದು ಜಾಗವನ್ನು, ಒಂದು ಹೊಣೆಯನ್ನು ಹೇಳುತ್ತದೆ.

ಕೋಫ್ಯಾಕ್ಸ್ ಕಥೆಯಲ್ಲಿ ಈ ವ್ಯತ್ಯಾಸವೇ ಜೀವಾಳ. ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಬಂದಾಗ ಅವರಿಗೆ 19 ವರ್ಷ. 1955ರಲ್ಲಿ 12 ಪಂದ್ಯಗಳಲ್ಲಿ ಎಸೆದರು. ಶುರು ಮಾಡಿದ್ದು 5 ಪಂದ್ಯ ಮಾತ್ರ. ಆಗಸ್ಟ್ 27ರಂದು ಸಿನ್ಸಿನಾಟಿ ವಿರುದ್ಧ ಬರೀ ಎರಡು ಹಿಟ್ (ಬ್ಯಾಟರ್ ಚೆಂಡು ಹೊಡೆದು ಬೇಸ್ ತಲುಪುವುದು) ಕೊಟ್ಟು, 14 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮಾಡಿ, ಎದುರಾಳಿಗೆ ಒಂದು ರನ್ನೂ ಬಿಡದೆ ಗೆಲ್ಲಿಸಿದರು. ಅದು ಅವರ ಮೊದಲ ಗೆಲುವು. ಇಷ್ಟಾದರೂ ಅವರಿಗೆ ನಿಗದಿಯಾದ ದಿನ ಅಂತ ಸಿಗಲಿಲ್ಲ. 1956ರಲ್ಲಿ 10 ಪಂದ್ಯ, 1957ರಲ್ಲಿ 13 ಪಂದ್ಯ ಶುರು ಮಾಡಿದರು, ಅಷ್ಟೇ. ಪಂದ್ಯ ಶುರು ಮಾಡಿದ್ದಾರೆ, ಆದರೆ ಆ ಜಾಗ ಅವರದ್ದಾಗಿಲ್ಲ. ಎರಡಕ್ಕೂ ‘ಆರಂಭಿಕ’ ಅಂತಲೇ ಬರೆದರೆ ಆ ಹುಡುಗ ಕಾದ ಕಾಯುವಿಕೆ ಓದುಗರಿಗೆ ಕಾಣುವುದೇ ಇಲ್ಲ.

ಅದಕ್ಕೆ ನನಗೆ ಹೊಳೆದದ್ದು ‘ಸರದಿ’. ‘ಸರದಿ ಎಸೆತಗಾರ’. ‘ಪಾಳಿ’ಯೂ ಆಗಬಹುದು. ಕಾಲುವೆ ನೀರಿಗೆ ರೈತರು ಪಾಳಿ ಹಚ್ಚಿಕೊಳ್ಳುತ್ತಾರಲ್ಲ, ಅದೇ ಬಗೆ. ನಿಮ್ಮ ದಿನ ಬಂದಾಗ ಗದ್ದೆಗೆ ಪೂರ್ತಿ ನೀರು, ಮತ್ತೆ ನಿಮ್ಮ ದಿನದವರೆಗೆ ಕಾಯಬೇಕು. ಹೀಗೆ ಬರೆದರೆ ‘ಕೋಫ್ಯಾಕ್ಸ್ ಪಂದ್ಯ ಶುರು ಮಾಡಿದರು, ಆದರೆ ಸರದಿಯಲ್ಲಿ ಇರಲಿಲ್ಲ’ ಅಂತ ನೇರವಾಗಿ ಹೇಳಬಹುದು. ಮಧ್ಯದಲ್ಲಿ ಬಂದು ಎಸೆಯುವವರಿಗೆ ‘ಬದಲಿ ಎಸೆತಗಾರ’ ಹೊಂದುತ್ತದೆ.

ಇನ್ನೊಂದು ಪದ ‘ಬೋನಸ್’. ಒಪ್ಪಂದಕ್ಕೆ ಸಹಿ ಮಾಡಿದ್ದಕ್ಕೇ ಡಾಡ್ಜರ್ಸ್ ತಂಡ ಕೋಫ್ಯಾಕ್ಸ್‌ಗೆ 14,000 ಡಾಲರ್ ಕೊಟ್ಟಿತು. 4,000 ಡಾಲರ್‌ಗಿಂತ ಜಾಸ್ತಿ ಕೊಟ್ಟರೆ ಆ ಹುಡುಗನನ್ನು ಎರಡು ವರ್ಷ ದೊಡ್ಡ ತಂಡದಲ್ಲೇ ಇಟ್ಟುಕೊಳ್ಳಬೇಕು ಅಂತ ಆಗ ನಿಯಮ ಇತ್ತು. ಅದರಿಂದ ಅವರಿಗೆ ಕೆಳಗಿನ ಲೀಗ್‌ಗಳಲ್ಲಿ ಆಡಿ ಪಳಗುವ ಅವಕಾಶವೇ ತಪ್ಪಿತು. ಅವರಿಗೆ ಜಾಗ ಮಾಡಲು ಟಾಮಿ ಲಸೋರ್ಡಾ ಎಂಬ ಎಸೆತಗಾರನನ್ನು ಕೆಳಗಿನ ತಂಡಕ್ಕೆ ಕಳಿಸಿದರು. ನಮ್ಮಲ್ಲಿ ಬೋನಸ್ ಅಂದರೆ ದುಡಿದ ಮೇಲೆ ಹಬ್ಬಕ್ಕೆ ಕೊಡುವುದು. ‘ಮುಂಗಡ’ ಅಂದರೆ ಆಮೇಲೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಇದು ಎರಡೂ ಅಲ್ಲ. ನಾನು ‘ಸಹಿ ಹಣ’ ಅಂತ ಬರೆದಿದ್ದೇನೆ. ಒಪ್ಪುತ್ತದೆಯೇ?

ಕೊನೆಯದು ‘ವೈಲ್ಡ್’, ಅಂದರೆ ಎಸೆತ ಗುರಿ ತಪ್ಪಿ ಎಲ್ಲೆಲ್ಲೋ ಹೋಗುವುದು. ಆ ವರ್ಷಗಳ ಕೋಫ್ಯಾಕ್ಸ್ ಬಗ್ಗೆ ಎಲ್ಲರೂ ಬಳಸುವ ಮಾತು ಇದೇ. ಕ್ರಿಕೆಟ್‌ನ ‘ವೈಡ್’ ಜೊತೆ ಇದನ್ನು ಬೆರೆಸಬಾರದು. ನಾಲ್ಕು ಎಸೆತ ಗುರಿಯ ಚೌಕಟ್ಟಿನ ಹೊರಗೆ ಹೋದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ. 1958ರಲ್ಲಿ 159 ಇನ್ನಿಂಗ್ಸ್ ಕೂಡ ತುಂಬಿರಲಿಲ್ಲ, 105 ಪುಕ್ಕಟೆ ಬೇಸ್ ಕೊಟ್ಟಿದ್ದರು. 1959ರ ಆಗಸ್ಟ್ 31ರಂದು ಜೈಂಟ್ಸ್ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 18 ಸ್ಟ್ರೈಕ್‌ಔಟ್ ಮಾಡಿದವರೂ ಇವರೇ. ಕಸುವಿಗೆ ಕೊರತೆ ಇರಲಿಲ್ಲ, ಚೆಂಡು ಮಾತು ಕೇಳುತ್ತಿರಲಿಲ್ಲ. 1960ರ ಕೊನೆಗೆ ಲೆಕ್ಕ 36 ಗೆಲುವು, 40 ಸೋಲು.

1961ರ ಅಭ್ಯಾಸ ಪಂದ್ಯವೊಂದರಲ್ಲಿ ಅವರದೇ ತಂಡದ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಎಸೆತ ಹಿಡಿಯುವವರು) ನಾರ್ಮ್ ಶೆರ್ರಿ, ಅಷ್ಟು ಬಲ ಹಾಕಬೇಡ, ಸ್ವಲ್ಪ ಹಗುರವಾಗಿ ಎಸೆ ಅಂತ ಹೇಳಿದರು. ಆ ವರ್ಷ 255 ಇನ್ನಿಂಗ್ಸ್ ದಾಟಿ ಎಸೆದರೂ ಕೊಟ್ಟ ಪುಕ್ಕಟೆ ಬೇಸ್ 96. 18 ಗೆಲುವು, 269 ಸ್ಟ್ರೈಕ್‌ಔಟ್. ಶುರು ಮಾಡಿದ ಪಂದ್ಯ 35. ನಾನು ಹೇಳುವ ‘ಸರದಿ’ ಅವರ ಕೈಗೆ ಗಟ್ಟಿಯಾಗಿ ಸಿಕ್ಕಿದ್ದು ಆಗ.

ಈ ‘ವೈಲ್ಡ್’ಗೆ ‘ಹಿಡಿತವಿಲ್ಲದ’ ಅಂದರೆ ತೀರಾ ಪೇಲವ. ‘ಕಾಡು’ ಅಂದರೆ ಬೈದ ಹಾಗೆ. ‘ಅಂಕೆಗೆ ಸಿಗದ ಎಸೆತ’ ನನಗೆ ಇಷ್ಟ, ಯಾಕಂದರೆ ಅದರಲ್ಲಿ ಬಲವೂ ಇದೆ, ಆ ಬಲ ಪಳಗಿಲ್ಲ ಅನ್ನುವುದೂ ಇದೆ. ‘ಅಡ್ಡಾದಿಡ್ಡಿ’ಯಲ್ಲಿ ಬಲದ ಮಾತು ಬರುವುದಿಲ್ಲ.

ಧಾರವಾಡ, ವಿಜಯಪುರ ಕಡೆಯವರು ದಯವಿಟ್ಟು ಒಂದು ವಿಷಯ ತಿಳಿಸಿ. ನಿಮ್ಮಲ್ಲಿ ‘ಪಾಳಿ’ ಅಂದರೆ ಒಬ್ಬರಿಗೆ ಗೊತ್ತುಮಾಡಿದ ದಿನ ಅನ್ನುವ ಅರ್ಥ ಈಗಲೂ ಬಳಕೆಯಲ್ಲಿದೆಯೇ, ಅಥವಾ ಕಾರ್ಖಾನೆಯ ಶಿಫ್ಟ್ ಅನ್ನುವ ಅರ್ಥವೇ ಮುಂದಾಗಿದೆಯೇ? ಮೊದಲನೆಯ ಅರ್ಥ ಉಳಿದಿದ್ದರೆ ‘ಸರದಿ’ ಬಿಟ್ಟು ‘ಪಾಳಿ ಎಸೆತಗಾರ’ ಅಂತಲೇ ಬರೆಯುತ್ತೇನೆ.