ಅಪ್‌ಡೇಟ್: ಉಳಿದ ಹ್ಯಾಮ್ ಹಾಕಿದ ಬೇಕ್ಡ್ ಪಾಸ್ತಾ

ಹೋದ ವಾರ ಕೇಳಿದ್ದೆನಲ್ಲ, ಬೇಯಿಸಿದ ಹ್ಯಾಮ್ (ಉಪ್ಪಲ್ಲಿ ಹದ ಮಾಡಿದ ಹಂದಿ ಮಾಂಸ) ಸುಮಾರು 200 ಗ್ರಾಂ ಉಳಿದಿದೆ, ಪಾಸ್ತಾ ಜೊತೆ ಓವನ್‌ಗೆ ಹಾಕಿದರೆ ಒಣಗಿಹೋಗುತ್ತಾ, ಉಪ್ಪಾಗುತ್ತಾ ಅಂತ? ಮಾಡಿಯೇ ಬಿಟ್ಟೆ. ಎರಡು ಸಲ.

ಮೊದಲನೇ ಸಲ ಕೆಟ್ಟಿತು. ಸಾಸ್ ಗಟ್ಟಿಯಾಗಿದ್ದರೇ ಚೆಂದ ಅಂದುಕೊಂಡೆ. ಓವನ್‌ನಲ್ಲಿ ಪಾಸ್ತಾ ಅದನ್ನೆಲ್ಲ ಹೀರಿಕೊಂಡು ಇಟ್ಟಿಗೆಯಂತಾಯಿತು. ಮೇಲೆ ಉದುರಿಸಿದ್ದ ಹ್ಯಾಮ್ ಚೂರುಗಳ ಅಂಚು ಸುರುಟಿ ಚರ್ಮದ ಹಾಗೆ. ಸಾಲದ್ದಕ್ಕೆ ಸಾಸ್‌ಗೂ ಉಪ್ಪು ಹಾಕಿದ್ದೆ. ಹ್ಯಾಮ್‌ನಲ್ಲೂ ಚೀಸ್‌ನಲ್ಲೂ ಉಪ್ಪಿದೆ ಅನ್ನೋದು ಮೊದಲ ತುತ್ತಿಗೇ ನೆನಪಾಯಿತು.

ಎರಡನೇ ಸಲ, ನನ್ನ ಪ್ರಶ್ನೆಗೆ ನೀವೆಲ್ಲ ಕೊಟ್ಟ ಸಲಹೆಯಂತೆ ಮಾಡಿದೆ. 250 ಗ್ರಾಂ ಪಾಸ್ತಾವನ್ನು ಪ್ಯಾಕೆಟ್ ಮೇಲಿನ ಸಮಯಕ್ಕಿಂತ 2 ನಿಮಿಷ ಮೊದಲೇ ಬಸಿದೆ. 3 ದೊಡ್ಡ ಚಮಚ ಬೆಣ್ಣೆಯಲ್ಲಿ 3 ದೊಡ್ಡ ಚಮಚ ಮೈದಾ ಹುರಿದು, ಮುಕ್ಕಾಲು ಲೀಟರ್ ಹಾಲನ್ನು ಸ್ವಲ್ಪಸ್ವಲ್ಪವೇ ಸುರಿದು ಕದಡಿದೆ. ಸಾಸ್ ಸೌಟಿನ ಹಿಂಬದಿಗೆ ತೆಳ್ಳಗೆ ಅಂಟಬೇಕು, ಅಷ್ಟೇ. ನೋಡಿದರೆ 'ಅಯ್ಯೋ, ನೀರಾಯಿತು' ಅನಿಸುತ್ತೆ. ಅನಿಸಲಿ. ಉಪ್ಪು ಹಾಕಲೇ ಇಲ್ಲ; ಕಾಳುಮೆಣಸು, ಚಿಟಿಕೆ ಜಾಯಿಕಾಯಿ, ಹಿಡಿ ಬಟಾಣಿ ಸಾಕಾಯಿತು. ಹ್ಯಾಮ್ ಪೂರ್ತಿ ಒಳಗೇ ಕಲೆಸಿದೆ, ಮೇಲೆ ಬರೀ ಚೀಸ್, ಬ್ರೆಡ್ ಪುಡಿ.

180 ಡಿಗ್ರಿ ಸೆಲ್ಸಿಯಸ್, 25 ನಿಮಿಷ. ಅಂಚಲ್ಲಿ ಸಾಸ್ ಗುಳುಗುಳು ಕುದಿಯುತ್ತಿತ್ತು, ಮೂಲೆಯಲ್ಲಿ ಚೀಸ್ ಕಂದು ಬಣ್ಣಕ್ಕೆ ತಿರುಗಿ ಗರಿಗರಿ. ಆ ಮೂಲೆಗಾಗಿ ಮನೆಯಲ್ಲಿ ಜಗಳವೇ ಆಯಿತು! 10 ನಿಮಿಷ ಆರಲು ಬಿಡಿ ಅಂದಿದ್ದು ಸರಿಯೇ. ಆಮೇಲೆ ತುಂಡು ಚೊಕ್ಕವಾಗಿ ಎದ್ದು ಬಂತು.

ಬ್ರೊಕೊಲಿ ಹಾಕಿ ಅಂದವರೇ, ಕ್ಷಮಿಸಿ, ಮನೆಯಲ್ಲಿ ಯಾರೂ ಒಪ್ಪಲಿಲ್ಲ.