ಊಟಿಲಿ ರಾತ್ರೋರಾತ್ರಿ ಮೋಟರ್‌ಹೋಮ್ ನೀರೆಲ್ಲಾ ಖಾಲಿ, ಬಿಸಿನೀರಿನ ಟ್ಯಾಂಕ್ ಒಡೆದಿದ್ಯಾ? ಈ ಹೀಟರ್ ಹೆಂಗೆ ಕೆಲಸ ಮಾಡುತ್ತೆ ಹೇಳ್ತೀರಾ

ಬಟವಾಡಿ ಟೆಂಪೋ (ತುಮಕೂರು)

ಎಲ್ರಿಗೂ ನಮಸ್ಕಾರ. ಆರು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ತಗೊಂಡೆ, ಟೆಂಪೋ ಟ್ರಾವೆಲರ್ ಮೇಲೆ ಬಾಡಿ ಕಟ್ಟಿರೋದು, ಒಳಗೆ ಇಂಪೋರ್ಟೆಡ್ ಕಾಂಬಿ ಹೀಟರ್ ಇದೆ, ಗ್ಯಾಸಲ್ಲಿ ಉರಿಯುತ್ತೆ, ಸ್ನಾನದ ಬಿಸಿನೀರೂ ಅದರಲ್ಲೇ, ಗಾಡಿ ಒಳಗೆ ಬಿಸಿಗಾಳಿನೂ ಅದರಲ್ಲೇ. ಮಾರಿದವರು ಸ್ವಿಚ್ ತೋರ್ಸಿದ್ರು ಅಷ್ಟೆ. ಮ್ಯಾನುಯಲ್ ಜರ್ಮನ್ ಭಾಷೆಲಿದೆ.

ಜನವರಿಲಿ ಅಮ್ಮನ ಕರ್ಕೊಂಡು ಊಟಿಗೆ ಹೋಗಿದ್ವಿ. ಹತ್ತು ಗಂಟೆಗೆ ಹೀಟರ್ ಹಾಕಿ ಮಲಗಿದ್ವಿ, ಬೆಚ್ಚಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಟಪ್ ಅಂತ ಒಂದು ಸದ್ದು, ಹಿಂದೆನೇ ಗಾಡಿ ಕೆಳಗೆ ಸೊರ್ರ್ ಅಂತ ನೀರು ಸುರಿಯೋ ಸದ್ದು, ಪಂಪ್ ತಾನಾಗೇ ಆನ್ ಆಗಿ ನಿಲ್ತಾನೇ ಇಲ್ಲ, ನಾನು ಕತ್ತಲಲ್ಲಿ ಸ್ವಿಚ್ ಹುಡುಕಿ ಆಫ್ ಮಾಡೋಷ್ಟರಲ್ಲಿ ಮುಕ್ಕಾಲು ಟ್ಯಾಂಕ್ ನೀರು ನೆಲ ಸೇರಿತ್ತು. ಆಗ ನೋಡಿದ್ರೆ ಹೀಟರೂ ನಿಂತಿದೆ, ಕೆಂಪು ಲೈಟ್ ಮಿಣುಕ್ತಿದೆ. ಬೆಳಕಾದ್ಮೇಲೆ ಹೊರಗೆ ಹುಲ್ಲೆಲ್ಲಾ ಬಿಳೀ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಹಿಂದಿನ ಬಾಗಿಲ ಹತ್ರ ನೆಲದ ಮಟ್ಟದಲ್ಲಿ ಒಂದು ಸಣ್ಣ ಬಟನ್ ಹೊರಗೆ ಬಂದಿತ್ತು, ಒತ್ತಿದ್ರೆ ನಿಲ್ಲಲ್ಲ, ತಿರ್ಗ ಹೊರಗೆ ಬರುತ್ತೆ. ಮಧ್ಯಾಹ್ನ ಇಳಿದು ಬರ್ತಾ ಒತ್ತಿದ್ರೆ ಸುಮ್ನೆ ನಿಂತ್ಕೊಳ್ತು!

ಈಗ ಊರಲ್ಲಿ ಎಲ್ಲಾ ಕೆಲಸ ಮಾಡ್ತಿದೆ, ಆದ್ರೆ ನೀರು ಕಾಯಿಸೋವಾಗ ಕೆಳಗೆ ತೊಟ್ಟು ತೊಟ್ಟಾಗಿ ಬೀಳುತ್ತೆ, ನಲ್ಲಿ ಎಲ್ಲಾ ಬಂದ್ ಇದ್ರೂ ಹತ್ತು ನಿಮಿಷಕ್ಕೊಂದ್ಸಲ ಪಂಪ್ ಗುರ್ ಅಂತ ಒಂದು ಸೆಕೆಂಡ್ ಓಡಿ ನಿಲ್ಲುತ್ತೆ. ಟ್ಯಾಂಕ್ ಒಡೆದಿದ್ಯಾ? ಅಕ್ಟೋಬರಲ್ಲಿ ಅಮ್ಮನ ಬದರಿಗೆ ಕರ್ಕೊಂಡು ಹೋಗ್ಬೇಕು ಅಂತ ಇದೀನಿ, ಅವರಿಗೆ ಮಂಡಿ ನೋವು, ತಣ್ಣೀರು ಮುಟ್ಟೋಕಾಗಲ್ಲ. ಅಲ್ಲಿ ಹೋಗಿ ಕೈಕೊಟ್ರೆ ಕಷ್ಟ. ರಿಪೇರಿ ಮಾಡ್ಸೋಕಿಂತ ಮುಂಚೆ ಇದು ಹೆಂಗೆ ಕೆಲಸ ಮಾಡುತ್ತೆ ಅಂತ ನಂಗೆ ಅರ್ಥ ಆಗ್ಬೇಕು.

ಚಿಂತಾಮಣಿ ರೈಡರ್

ಬ್ರೋ ಅದೆಲ್ಲ ತಲೆನೋವು ಯಾಕೆ, ಇನ್ವರ್ಟರ್ ಇದ್ಯಲ್ಲ, ಒಂದು ಬಕೆಟ್ಟು ಒಂದು ಹೀಟರ್ ರಾಡು. ನಮ್ಮನೇಲಿ ಇವತ್ತಿಗೂ ಅದೇ.

ಕೆಜಿಎಫ್ ಫಿಟ್ಟರ್

ಟೆಂಪೋ ಸರ್, ಟ್ಯಾಂಕ್ ಒಡೆದಿಲ್ಲ, ಧೈರ್ಯವಾಗಿರಿ. ಒಡೆದಿದ್ರೆ ಈಗ ಊರಲ್ಲಿ ಬಿಸಿನೀರು ಬರ್ತಾನೇ ಇರಲಿಲ್ಲ. ನೀವು ಬರೆದಿರೋದನ್ನ ಎರಡು ಸಲ ಓದಿದೆ, ಅವತ್ತು ರಾತ್ರಿ ಮೊದಲು ಆಗಿದ್ದನ್ನ ನೀವು ಕೊನೇಲಿ ನೋಡಿದೀರ, ಅದಕ್ಕೇ ಗೊಂದಲ.

ಮೊದಲು ಒಳಗಡೆ ಏನಿದೆ ಅಂತ ಹೇಳ್ತೀನಿ. ಹಿಂದೆ ಬಚ್ಚಲಲ್ಲಿ ತಾಮ್ರದ ಬಾಯ್ಲರ್ ಇರ್ತಿತ್ತಲ್ಲ, ನಿಮ್ ಕಡೆ ತೆಂಗಿನ ಮಟ್ಟೆ ಕರಟ ಹಾಕಿ ಉರಿಸ್ತಿದ್ರು, ನಡುವೆ ಒಂದು ಕೊಳವೆ, ಅದರೊಳಗೆ ಬೆಂಕಿ, ಸುತ್ತ ನೀರು. ಮೇಲೆ ಒಂದು ಆಲಿಕೆ ಥರ ಬಾಯಿ, ಅದಕ್ಕೆ ಒಂದು ಚೊಂಬು ತಣ್ಣೀರು ಸುರಿದ್ರೆ ಈ ಕಡೆ ಮೂತಿಯಿಂದ ಒಂದು ಚೊಂಬು ಬಿಸಿನೀರು ಬೀಳುತ್ತೆ. ನಿಮ್ಮ ಕಾಂಬಿನೂ ಅದೇ. ನಡುವೆ ಗ್ಯಾಸ್ ಉರಿ, ಅದರ ಸುತ್ತ ಶಾಖ ಹಿಡಿಯೋ ರೆಕ್ಕೆಗಳು, ಆ ರೆಕ್ಕೆ ಮೇಲೆ ಫ್ಯಾನು ಗಾಳಿ ಊದುತ್ತೆ, ಅದೇ ನಿಮಗೆ ಪೈಪಲ್ಲಿ ಬರೋ ಬಿಸಿಗಾಳಿ, ಅದರಾಚೆ ಸುತ್ತ ನೀರಿನ ಟ್ಯಾಂಕು. ಟ್ರೂಮಾ ಅನ್ನೋ ಜರ್ಮನ್ ಕಂಪನಿ ಕಾಂಬಿಲಿ 10 ಲೀಟರ್ ಹಿಡಿಯುತ್ತೆ. ಚೊಂಬಿನ ಬದಲು ಪಂಪು ತಣ್ಣೀರು ತಳ್ಳುತ್ತೆ, ತಳ್ಳಿದಷ್ಟೇ ಬಿಸಿನೀರು ನಲ್ಲಿಗೆ ಬರುತ್ತೆ. ಅದಕ್ಕೇ ಪಂಪ್ ಆಫ್ ಇದ್ರೆ ಟ್ಯಾಂಕ್ ತುಂಬ ಬಿಸಿನೀರಿದ್ರೂ ಒಂದು ಹನಿ ಬರಲ್ಲ. 60 ಡಿಗ್ರಿ ಕಾದ 10 ಲೀಟರ್‌ಗೆ ನಮ್ಮ ಕಡೆ 20 ಡಿಗ್ರಿ ತಣ್ಣೀರು ಅಷ್ಟೇ ಬೆರೆಸಿದ್ರೆ 40 ಡಿಗ್ರಿದು 20 ಲೀಟರ್, ಒಬ್ಬರ ಸ್ನಾನಕ್ಕೆ ಧಾರಾಳ.

ಬೆಂಕಿಗೆ ಬೇಕಾದ ಗಾಳಿ ಹೊರಗಿಂದನೇ ಬರುತ್ತೆ, ಹೊಗೆ ಹೊರಗೇ ಹೋಗುತ್ತೆ, ಪೈಪೊಳಗೆ ಪೈಪು. ಗಾಡಿ ಒಳಗಿನ ಗಾಳಿಗೂ ಆ ಬೆಂಕಿಗೂ ಸಂಬಂಧನೇ ಇಲ್ಲ. ಇದು ಬಹಳ ಮುಖ್ಯ, ಆಮೇಲೆ ಬರ್ತೀನಿ.

ಈಗ ಊಟಿ ರಾತ್ರಿ. ಸಿಲಿಂಡರ್ ಎಷ್ಟಿತ್ತು? ಅರ್ಧಕ್ಕಿಂತ ಕಮ್ಮಿ ಅಂತ ನನ್ನ ಅಂದಾಜು. ನಮ್ಮಲ್ಲಿ ಸಿಗೋ ಎಲ್‌ಪಿಜಿ ಪ್ರೊಪೇನ್ ಬ್ಯೂಟೇನ್ ಎರಡೂ ಮಿಕ್ಸು. ಪ್ರೊಪೇನ್ ಮೈನಸ್ 42 ಡಿಗ್ರಿಲೂ ಕುದ್ದು ಆವಿ ಆಗುತ್ತೆ, ಬ್ಯೂಟೇನ್ ಸೊನ್ನೆ ಹತ್ರ ಬಂದ್ರೆ ನಿಂತೇ ಹೋಯ್ತು, ದ್ರವವಾಗಿ ಸಿಲಿಂಡರಲ್ಲೇ ಕೂತಿರುತ್ತೆ. ಉರೀತಾ ಉರೀತಾ ಪ್ರೊಪೇನ್ ಮೊದಲು ಖಾಲಿ ಆಗ್ತಾ ಬರುತ್ತೆ, ಉಳಿಯೋದು ಜಾಸ್ತಿ ಬ್ಯೂಟೇನು. ಅಲ್ದೆ ಗ್ಯಾಸ್ ಆವಿ ಆಗೋವಾಗ ಸಿಲಿಂಡರನ್ನ ಇನ್ನೂ ತಣ್ಣಗೆ ಮಾಡುತ್ತೆ, ಹೋಟೆಲಲ್ಲಿ ಮದುವೆ ಮನೇಲಿ ದೊಡ್ಡ ಉರಿ ಹಾಕಿದಾಗ ಸಿಲಿಂಡರ್ ಹೊಟ್ಟೆ ಬೆವರುತ್ತಲ್ಲ, ಅದೇ. ಹಂಗಾಗಿ ಪ್ರೆಶರ್ ಬಿತ್ತು, ಉರಿ ಆರಿತು, ಹೀಟರ್ ತಾನೇ ಗ್ಯಾಸ್ ಬಂದ್ ಮಾಡ್ಕೊಂಡು ಕೆಂಪು ಲೈಟ್ ಹಾಕ್ತು. ಇದು ಮೊದಲನೇದು, ಹನ್ನೆರಡೋ ಒಂದೋ ಗಂಟೆಗೆ ಆಗಿರುತ್ತೆ, ನೀವು ನಿದ್ದೇಲಿದ್ರಿ.

ಆಮೇಲೆ ಗಾಡಿ ತಣ್ಣಗಾಗ್ತಾ ಬಂತು, ನೆಲದ ಮಟ್ಟದಲ್ಲಿ ಮೊದಲು. ನೀವು ಹೇಳಿದ ಆ ಬಟನ್ನು ಹಿಮದ ವಾಲ್ವು. ಟ್ಯಾಂಕಲ್ಲಿ ನೀರು ಹೆಪ್ಪುಗಟ್ಟಿದ್ರೆ ಉಬ್ಬಿ ಟ್ಯಾಂಕನ್ನ ಸೀಳಿಬಿಡುತ್ತೆ, ಅದಕ್ಕೆ ಸುತ್ತಲಿನ ಗಾಳಿ 3 ಡಿಗ್ರಿ ಹತ್ರ ಇಳಿದ ತಕ್ಷಣ ಈ ವಾಲ್ವು ತಾನೇ ತೆರ್ಕೊಂಡು ನೀರನ್ನೆಲ್ಲಾ ಹೊರಗೆ ಬಿಡುತ್ತೆ. 7 ಡಿಗ್ರಿ ದಾಟೋವರೆಗೂ ಒತ್ತಿದ್ರೆ ನಿಲ್ಲಲ್ಲ, ಅದಕ್ಕೇ ಬೆಳಿಗ್ಗೆ ಕೂರ್ಲಿಲ್ಲ, ಮಧ್ಯಾಹ್ನ ಕೂತ್ಕೊಳ್ತು. ವಾಲ್ವ್ ತೆರೆದಾಗ ಲೈನಲ್ಲಿ ಪ್ರೆಶರ್ ಬಿತ್ತು, ಯಾರೋ ನಲ್ಲಿ ತಿರುಗಿಸಿದ್ರು ಅಂದ್ಕೊಂಡು ಪಂಪ್ ಓಡೋಕೆ ಶುರು ಮಾಡ್ತು, ಕುಡಿಯೋ ಟ್ಯಾಂಕಿನ ನೀರನ್ನೂ ಎಳೆದು ಅದೇ ತೂತಲ್ಲಿ ಸುರೀತು. ಒಂದೂ ಕೆಟ್ಟಿಲ್ಲ ಸರ್, ಎಲ್ಲಾ ತಂತಮ್ಮ ಕೆಲಸ ಮಾಡಿವೆ. ಅವತ್ತು ಆ ವಾಲ್ವ್ ಬಿಡದೇ ಹೋಗಿದ್ರೆ ಇವತ್ತು ನಿಜವಾಗ್ಲೂ ಒಡೆದ ಟ್ಯಾಂಕ್ ಇಟ್ಕೊಂಡು ಕೂತಿರ್ತಿದ್ರಿ. ಕೆಲವರು ಅದಕ್ಕೆ ಬಟ್ಟೆ ಕ್ಲಿಪ್ ಸಿಕ್ಕಿಸಿ ಹಿಡಿಸ್ತಾರೆ, ದಯವಿಟ್ಟು ಬೇಡ.

ಚಿಂತಾಮಣಿ ತಮ್ಮ, ರಾಡ್ ಲೆಕ್ಕ ನೋಡಪ್ಪ: 10 ಲೀಟರ್ ನೀರನ್ನ 20ರಿಂದ 60 ಡಿಗ್ರಿಗೆ ತರೋಕೆ ಸುಮಾರು ಅರ್ಧ ಯೂನಿಟ್ ಬೇಕು. 12 ವೋಲ್ಟ್ ಬ್ಯಾಟರಿಲಿ ಅದು 40 ಆಂಪಿಯರ್ ಅವರ್, ಇನ್ವರ್ಟರ್ ನಷ್ಟ ಸೇರಿದ್ರೆ ಇನ್ನೂ ಜಾಸ್ತಿ. 100 ಆಂಪಿಯರ್ ಅವರ್ ಬ್ಯಾಟರಿ ಆದ್ರೆ ಒಂದು ಸ್ನಾನಕ್ಕೆ ಹತ್ತತ್ರ ಅರ್ಧ ಬ್ಯಾಟರಿ. 1500 ವ್ಯಾಟ್ ರಾಡು 125 ಆಂಪಿಯರ್ ಎಳೆಯುತ್ತೆ, ವೈರ್ ಸುಮಾರಾಗಿದ್ರೆ ಬಿಸಿ ಆಗೋದು ವೈರೇ. ಮನೆ ಕರೆಂಟಿಗೆ ಸರಿ, ಗಾಡಿಗಲ್ಲ.

ಬಟವಾಡಿ ಟೆಂಪೋ (ತುಮಕೂರು)

ಅಣ್ಣ, ಓದ್ತಾ ಓದ್ತಾ ಮೈ ಜುಂ ಅಂತು. ಸಿಲಿಂಡರ್ ಕಾಲು ಭಾಗ ಇತ್ತು ಅಷ್ಟೆ! ತಾಮ್ರದ ಬಾಯ್ಲರ್ ಅಂದ್ರಲ್ಲ, ಗುಬ್ಬಿಲಿ ಅಜ್ಜಿ ಮನೇಲಿ ಅದೇ ಇತ್ತು, ಅಮ್ಮಂಗೆ ಓದಿ ಹೇಳ್ದೆ, ಅಷ್ಟು ದಿನ ಹೀಟರ್ ಹತ್ರ ಹೋಗೋಕೆ ಹೆದರ್ತಿದ್ದವರು ಓ ಅಷ್ಟೇನಾ ಅಂದ್ರು. ಹಂಗಾದ್ರೆ ಆ ತೊಟ್ಟಿಕ್ಕೋದು, ಪಂಪ್ ಸದ್ದು?

ಶಿಡ್ಲಘಟ್ಟ ರೀಲರ್

ಅದನ್ನ ನಾನು ಹೇಳ್ತೀನಿ, ಯಾಕಂದ್ರೆ ದಿನಾ ಬಿಸಿನೀರಿನ ಜೊತೆನೇ ನಮ್ಮ ಜೀವನ, ಗೂಡು ಬೇಯಿಸೋದು, ನೂಲು ತೆಗೆಯೋ ಬೇಸಿನ್, ಎಲ್ಲಾ ನೀರೇ.

ಕಾಯಿಸೋವಾಗ ತೊಟ್ಟಿಕ್ಕೋದು ಸಹಜ. ನೀರು 20ರಿಂದ 60 ಡಿಗ್ರಿಗೆ ಬಂದ್ರೆ ನೂರಕ್ಕೆ ಒಂದೂವರೆಯಷ್ಟು ಹಿಗ್ಗುತ್ತೆ, 10 ಲೀಟರಿಗೆ 150 ಎಂಎಲ್, ಒಂದು ಲೋಟದಷ್ಟು. ಪಂಪ್ ಕಡೆ ವಾಪಸ್ ಹೋಗೋಕೆ ಎನ್‌ಆರ್‌ವಿ, ಅಂದ್ರೆ ನೀರನ್ನ ಒಂದೇ ಕಡೆಗೆ ಬಿಡೋ ವಾಲ್ವು, ಬಿಡಲ್ಲ, ಎಲ್ಲಾದ್ರೂ ಹೋಗ್ಬೇಕಲ್ಲ, ಆ ಬಟನ್ ಇರೋ ವಾಲ್ವೇ ಸೇಫ್ಟಿ ವಾಲ್ವೂ ಹೌದು, ಅದರಲ್ಲೇ ಹೋಗುತ್ತೆ. ಆದ್ರೆ ಕಾದು ನಿಂತ ಮೇಲೂ ತೊಟ್ಟಿಕ್ತಾ ಇದ್ರೆ ಅದು ಸಹಜ ಅಲ್ಲ. ನಲ್ಲಿ ಬಂದ್ ಇದ್ದಾಗ ಪಂಪ್ ಆಗಾಗ ಗುರ್ ಅನ್ನೋದು ಅಂದ್ರೆ ಎಲ್ಲೋ ಸಣ್ಣಗೆ ಪ್ರೆಶರ್ ಸೋರ್ತಿದೆ. ನೀವು ತುಂಬೋದು ಬೋರ್‌ವೆಲ್ ನೀರು ತಾನೇ? ನಮ್ಮ ಮೂರು ಜಿಲ್ಲೆಲೂ ಬೋರ್ ನೀರು ಗಡಸು, ನಮ್ಮ ಬೇಸಿನ್ ಅಂಚಲ್ಲಿ ಸುಣ್ಣ ಬಳಿದ ಹಾಗೆ ಬಿಳೀ ಪದರ ಕೂರುತ್ತೆ, ಕೆರೆದು ಕೆರೆದು ಸಾಕಾಗುತ್ತೆ. ನೀರು ಬಿಸಿ ಆದಷ್ಟೂ ಅದು ಜಾಸ್ತಿ ಕಟ್ಟುತ್ತೆ. ಅದರ ಒಂದು ಚೂರು ವಾಲ್ವ್ ಸೀಟಲ್ಲಿ ಸಿಕ್ಕೊಂಡಿರ್ಬೇಕು ಅನ್ಸುತ್ತೆ. ಹೀಟರ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಆ ವಾಲ್ವ್ ಕೈಯಲ್ಲಿ ತೆರೆದು ಪಂಪ್ ಹಾಕಿ ನೀರು ಜೋರಾಗಿ ಹೋಗೋಕೆ ಬಿಡಿ, ಮೂರು ನಾಲ್ಕು ಸಲ. ಆಮೇಲೆ ವರ್ಷಕ್ಕೊಂದ್ಸಲ ಸಿಟ್ರಿಕ್ ಆಸಿಡ್, ಅಂಗಡಿಲಿ ನಿಂಬೆ ಉಪ್ಪು ಅಂತಾರೆ, ಅದನ್ನ ನೀರಲ್ಲಿ ಕರಗಿಸಿ ಟ್ಯಾಂಕಲ್ಲಿ ಕೆಲವು ಗಂಟೆ ಬಿಟ್ಟು ಚೆನ್ನಾಗಿ ತೊಳೀರಿ. ಬ್ಲೀಚಿಂಗ್ ಪೌಡರ್ ಮಾತ್ರ ಹಾಕ್ಬೇಡಿ, ಕ್ಲೋರಿನ್ ಸ್ಟೀಲ್ ತಿನ್ನುತ್ತೆ. ಸಾಧ್ಯ ಆದ್ರೆ ಮಳೆನೀರೋ ಆರ್‌ಒ ನೀರೋ ತುಂಬಿ.

ಕೆಜಿಎಫ್ ಫಿಟ್ಟರ್

ರೀಲರ್ ಸರ್ ಸರಿಯಾಗಿ ಹೇಳಿದ್ರು. ಆಮೇಲೆ ಬರ್ತೀನಿ ಅಂದಿದ್ದು ಹೊಗೆ ವಿಷಯ. ಬಾಗಿಲು ಹಾಕಿದ ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಹಾಕಿ ಪ್ರಾಣ ಹೋದ ಸುದ್ದಿ ನಾವೆಲ್ಲಾ ಪೇಪರಲ್ಲಿ ಓದಿದೀವಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೇಲೇ ಮುಗಿಸಿಬಿಡುತ್ತೆ. ಕಾಂಬಿ ಹೀಟರ್ ಹೊಗೆ ಹೊರಗೆ ಹೋಗುತ್ತೆ ನಿಜ, ಆದ್ರೆ ಆ ಪೈಪ್ ಬಾಯಿ ಕೆಸರಿಂದಲೋ ಗಾಡಿ ಕವರಿಂದಲೋ ಮುಚ್ಚಿರಬಾರ್ದು, ಪೈಪ್ ಜಾಯಿಂಟ್ ಬಿಟ್ಟಿರಬಾರ್ದು. ಕಾರ್ಬನ್ ಮೊನಾಕ್ಸೈಡ್ ಪತ್ತೆ ಹಚ್ಚೋ ಅಲಾರಂ ಒಂದು ಹಾಕ್ಲೇಬೇಕು, ಅಮ್ಮ ಮಲಗೋ ಜಾಗದ ಹತ್ರ. ಚಳಿ ಅಂತ ಅಡುಗೆ ಸ್ಟವ್ ಹಚ್ಚಿಟ್ಟು ಮಲಗೋದು ಎಂದೆಂದಿಗೂ ಬೇಡ.

ಬದರಿ 3,100 ಮೀಟರ್ ಎತ್ತರ, ಗಾಳಿ ಒತ್ತಡ ಸಮುದ್ರ ಮಟ್ಟಕ್ಕಿಂತ 30 ಪರ್ಸೆಂಟ್ ಹತ್ರ ಕಮ್ಮಿ, ಉರಿಗೆ ಸಿಗೋ ಆಮ್ಲಜನಕನೂ ಕಮ್ಮಿ. ನಿಮ್ಮ ಮಾಡೆಲ್ ಎಷ್ಟು ಎತ್ತರದವರೆಗೆ ಅಂತ ಮ್ಯಾನುಯಲಲ್ಲಿ ಇರುತ್ತೆ, ಫೋನಲ್ಲಿ ಫೋಟೋ ಹೊಡೆದು ಟ್ರಾನ್ಸ್‌ಲೇಟ್ ಮಾಡ್ಕೊಂಡು ಓದ್ಕೊಳ್ಳಿ. ಅರ್ಧ ಆಗಿರೋ ಸಿಲಿಂಡರನ್ನ ಹಗಲು ಅಡುಗೆಗೆ ಮುಗಿಸಿ, ರಾತ್ರಿಗೆ ತುಂಬಿರೋದು ಹಾಕಿ. ಮನೆ ಕೆಂಪು ಸಿಲಿಂಡರ್ ಗಾಡಿಗೆ ತರ್ಬೇಡಿ, ಅದು ಮನೆ ಅಡುಗೆಗೆ ಮಾತ್ರ ಅಂತ ಕೊಡೋದು.

ಬಟವಾಡಿ ಟೆಂಪೋ (ತುಮಕೂರು)

ಭಾನುವಾರ ಮಾಡಿದೆ. ಮೊದಲ ಎರಡು ಸಲ ಬರೀ ನೀರು. ಕೆಳಗೆ ಬಿಳೀ ಟಬ್ ಇಟ್ಟಿದ್ದೆ, ಮೂರನೇ ಸಲ ಅದರಲ್ಲಿ ನುಚ್ಚಕ್ಕಿ ಕಾಳಿನಷ್ಟು ಎರಡು ಚೂರು ಬಿದ್ವು, ಉಗುರಲ್ಲಿ ಒತ್ತಿದ್ರೆ ಪುಡಿ ಆಯ್ತು, ಸುಣ್ಣನೇ. ಬಟನ್ ಒತ್ತಿ ನೀರು ತುಂಬಿ ನಲ್ಲಿ ಬಂದ್ ಮಾಡಿ ಒಂದು ಗಂಟೆ ಗಾಡಿಲೇ ಕೂತಿದ್ದೆ, ಪಂಪ್ ಒಂದ್ಸಲನೂ ಗುರ್ ಅನ್ಲಿಲ್ಲ. ಕಾಯಿಸಿದಾಗ ತೊಟ್ಟಿಕ್ತು, ಲೋಟ ಹಿಡಿದೆ, ಮುಕ್ಕಾಲು ಲೋಟ ಆಗಿ ನಿಂತ್ಕೊಳ್ತು.

ಅಲಾರಂ ಆರ್ಡರ್ ಮಾಡಿದೀನಿ. ಹೊಗೆ ಪೈಪ್ ಬಾಯಿ ನೋಡಿದ್ರೆ ಒಳಗೆ ಕಣಜ ಗೂಡು ಕಟ್ಟೋಕೆ ಶುರು ಮಾಡಿತ್ತು, ಮಣ್ಣು ಇನ್ನೂ ಹಸಿ ಇತ್ತು, ತೆಗೆದೆ. ಕೆಜಿಎಫ್ ಅಣ್ಣ, ನೀವು ಹೇಳ್ದೇ ಇದ್ರೆ ಅಲ್ಲಿಗೆ ನನ್ನ ಕಣ್ಣೇ ಹೋಗ್ತಿರಲಿಲ್ಲ. ಪಂಪ್ ಸ್ವಿಚ್ ಪಕ್ಕ ಮಲಗೋ ಮುಂಚೆ ಆಫ್ ಅಂತ ಅಮ್ಮನೇ ಚೀಟಿ ಬರೆದು ಅಂಟ್ಸಿದಾರೆ.