ಪೆರಿಪ್ಲಾಸಂನಲ್ಲಿ ಎಟಿಪಿ ಇಲ್ಲ, ಹಾಗಾದರೆ ಪಿಲಸ್ ಕಟ್ಟುವ ಶಕ್ತಿ ಎಲ್ಲಿಂದ?

ಲ್ಯಾಬ್ ಟೆಕ್ನಿಶಿಯನ್, ಡೊಂಬಿವಲಿ

ನಮಸ್ಕಾರ. ನಾನು ಧಾರವಾಡದವಳು. ಇಲ್ಲಿನ ಒಂದು ಪೆಥಾಲಜಿ ಲ್ಯಾಬಿನಲ್ಲಿ ಕಲ್ಚರ್ ನೋಡುತ್ತೇನೆ. ಯೂರಿನ್ ಸ್ಯಾಂಪಲ್‌ಗಳಲ್ಲಿ ಜಾಸ್ತಿ ಸಿಗುವುದು ಇ. ಕೋಲಿ ಬ್ಯಾಕ್ಟೀರಿಯವೇ. ಮ್ಯಾಕ್‌ಕಾಂಕಿ ಪ್ಲೇಟ್ ತುಂಬ ಗುಲಾಬಿ ಕಾಲನಿಗಳು. ಅದು ಮೂತ್ರಕೋಶದ ಗೋಡೆಗೆ ಅಂಟಿಕೊಳ್ಳುವುದು ಟೈಪ್ 1 ಪಿಲಸ್ ಎಂಬ ಕೂದಲಿನಂಥ ಎಳೆಯ ತುದಿಯಲ್ಲಿರುವ ಫಿಮ್‌ಎಚ್ ಪ್ರೋಟೀನಿನಿಂದ, ಅಷ್ಟು ಗೊತ್ತು. ತಲೆ ಕೊರೆಯುತ್ತಿರುವುದು ಬೇರೆ. ಪ್ರೋಟೀನ್ ತಯಾರಾಗುವುದು ಒಳಗೆ. ಎರಡು ಪೊರೆ ದಾಟಬೇಕು. ಪೊರೆಗಳ ನಡುವಿನ ಜಾಗವಾದ ಪೆರಿಪ್ಲಾಸಂನಲ್ಲಿ ಕೋಶದ ಇಂಧನವಾದ ಎಟಿಪಿಯೇ ಇಲ್ಲ. ಹಾಗಾದರೆ ಪಿಲಸ್‌ನ ನೂರಾರು ಪ್ರೋಟೀನ್ ತುಂಡು ಜೋಡಿಸಿ ಹೊರಗೆ ಬಿಡುವುದು ಹೇಗೆ?

ಇನ್ನೊಂದು. ಕಾಲನಿಯನ್ನು ಸ್ಲೈಡ್ ಮೇಲೆ ಯೀಸ್ಟ್ ಜೊತೆ ಕಲಸಿದರೆ ಗಂಟು ಕಟ್ಟಬೇಕು ಅಲ್ವಾ? ಪ್ಲೇಟಿನಿಂದ ಎತ್ತಿ ಕಲಸಿದೆ, ಏನೂ ಕಟ್ಟಲಿಲ್ಲ.

ಪಿಎಚ್‌ಡಿ ವಿದ್ಯಾರ್ಥಿ, ಪುಣೆ

ಅಕ್ಕಾ, ಈ ಪ್ರಶ್ನೆ ನನಗೆ ತುಂಬ ಇಷ್ಟ. ಎಟಿಪಿ ಖರ್ಚಾಗುವುದು ಒಳಪೊರೆ ದಾಟುವಾಗ. ಅಲ್ಲಿ ಸೆಕ್ ಎಂಬ ಸಾಗಣೆ ದಾರಿಯಲ್ಲಿ ತುಂಡುಗಳು ಇನ್ನೂ ಮಡಿಚಿಕೊಳ್ಳದೆ ಬರುತ್ತವೆ, ದಾರಿ ಹೇಳುವ ತುದಿ, ಅಂದರೆ ಸಿಗ್ನಲ್ ಪೆಪ್ಟೈಡ್, ಕತ್ತರಿಸಿ ಹೋಗುತ್ತದೆ. ಆಮೇಲಿನ ಕೆಲಸಕ್ಕೆ ಎಟಿಪಿ ಬೇಕಿಲ್ಲ.

ಪ್ರತಿ ತುಂಡಿನ ಮಡಿಕೆಯಲ್ಲೂ ಒಂದು ಎಳೆ ಕಡಿಮೆ ಇರುತ್ತದೆ. ಅಲ್ಲಿ ಉದ್ದಕ್ಕೆ ಒಂದು ಸಂದು. ನೀರು ಸೇರದ ಭಾಗ ಹಾಗೇ ತೆರೆದಿರುತ್ತದೆ. ಸುಮ್ನೆ ಬಿಟ್ಟರೆ ತುಂಡುಗಳು ಒಂದಕ್ಕೊಂದು ಅಂಟಿ ಹಾಳಾಗುತ್ತವೆ. ಫಿಮ್‌ಸಿ ಎಂಬ ಶಾಪರೋನ್ (ಕಾವಲು ಪ್ರೋಟೀನ್) ತನ್ನ ಒಂದು ಎಳೆಯನ್ನು ಆ ಸಂದಿಗೆ ಕೊಟ್ಟು ಕಾಯುತ್ತದೆ. ಆದರೆ ಆ ಎಳೆ ಪೂರ್ತಿ ಬಿಗಿಯಾಗಿ ಕೂರುವುದಿಲ್ಲ. ಇಡೀ ಗುಟ್ಟು ಇಲ್ಲೇ ಇರುವುದು.

ಹೊರಪೊರೆಯಲ್ಲಿ ಫಿಮ್‌ಡಿ ಎಂಬ ಅಷರ್ (ತುಂಡುಗಳನ್ನು ಹೊರಗೆ ಬಿಡುವ ಬಾಗಿಲು) ಇದೆ, 24 ಎಳೆಗಳ ಬ್ಯಾರೆಲ್. ಅಲ್ಲಿಗೆ ಬಂದಾಗ, ಮುಂದಿನ ತುಂಡಿನ ಬಾಲ ಹಿಂದಿನದರ ಸಂದಿಯೊಳಗೆ ಒಂದು ತುದಿಯಿಂದ ಜಿಪ್ ಎಳೆದ ಹಾಗೆ ಕೂರುತ್ತಾ ಹೋಗುತ್ತದೆ, ಫಿಮ್‌ಸಿಯ ಎಳೆಯನ್ನು ಹೊರಗೆ ತಳ್ಳುತ್ತದೆ. ಈಗ ಮಡಿಕೆ ಬಿಗಿಯಾಯಿತು. ಪ್ರೋಟೀನ್ ಇನ್ನೂ ಸ್ಥಿರವಾದ ಸ್ಥಿತಿಗೆ ಇಳಿಯಿತು. ಕೆಲಸ ಮಾಡಿಸುವುದು ಆ ಇಳಿತವೇ. ಅರ್ಧಕ್ಕೆ ನಿಂತಿದ್ದ ಮಡಿಕೆ ಪೂರ್ತಿಯಾಗುವಾಗ ಸಿಗುವ ಶಕ್ತಿ ಅದು.

ಫಿಮ್‌ಎಚ್ ಮೊದಲು ಹೋಗುತ್ತದೆ, ಅದಕ್ಕೇ ತುದಿಯಲ್ಲಿ ಕಾಣುತ್ತದೆ. ಆಮೇಲೆ ಫಿಮ್‌ಜಿ, ಫಿಮ್‌ಎಫ್ ತುಂಡುಗಳು, ಕೊನೆಗೆ ಸಾಲುಸಾಲು ಫಿಮ್‌ಎ.

ಮೈಕ್ರೋಬಯಾಲಜಿ ಮೇಷ್ಟ್ರು, ಫೋಂಡಾ

ಯೀಸ್ಟ್ ವಿಷಯ ನಾನು ಹೇಳುತ್ತೇನೆ ಮೇಡಂ. ಅಗಾರ್ ಮೇಲೆ ಬೆಳೆದ ಇ. ಕೋಲಿಯಲ್ಲಿ ಬಹುಪಾಲು ಕೋಶಗಳು ಪಿಲಸ್ ಮಾಡುವುದನ್ನೇ ನಿಲ್ಲಿಸಿರುತ್ತವೆ. ಜೀನ್‌ನ ಮುಂದಿನ ಒಂದು ಡಿಎನ್ಎ ತುಂಡು ತಿರುಗಿ ಕೂರುತ್ತದೆ, ಅದೇ ಸ್ವಿಚ್. ಬ್ರಾತ್‌ನಲ್ಲಿ (ದ್ರವ ಮಾಧ್ಯಮದಲ್ಲಿ) 37 ಡಿಗ್ರಿಯಲ್ಲಿ, ಅಲುಗಾಡಿಸದೆ 48 ಗಂಟೆ ಬೆಳೆಸಿ. ಅದರಿಂದ ಒಂದು ಹನಿ ತೆಗೆದು ಯೀಸ್ಟ್ ಜೊತೆ ಕಲಸಿ, ಸ್ಲೈಡನ್ನು ಮೆಲ್ಲಗೆ ಓಲಾಡಿಸಿ. ಬಿಳಿ ಹರಳು ಹರಳಾಗಿ ಗಂಟು ಕಾಣುತ್ತದೆ. ಪಕ್ಕದ ಹನಿಗೆ ಮ್ಯಾನೋಸ್ (ಫಿಮ್‌ಎಚ್ ಹಿಡಿಯುವ ಸಕ್ಕರೆ, ಯೀಸ್ಟ್ ಮೈಮೇಲೂ ಇದೆ) ಹಾಕಿ ನೋಡಿ, ಅಲ್ಲಿ ಹಾಲಿನಂತೆ ಹಾಗೇ ಉಳಿಯುತ್ತದೆ. ಆಗ ಗಂಟು ಕಟ್ಟಿಸಿದ್ದು ಫಿಮ್‌ಎಚ್ ಅನ್ನುವುದು ಖಾತ್ರಿ. ಎಲ್ಲ ತಳಿಗಳೂ ಕಟ್ಟುವುದಿಲ್ಲ, ಎರಡು ಮೂರು ಐಸೊಲೇಟ್ ಪ್ರಯತ್ನಿಸಿ.

ಲ್ಯಾಬ್ ಟೆಕ್ನಿಶಿಯನ್, ಡೊಂಬಿವಲಿ

ಇಬ್ಬರಿಗೂ ಧನ್ಯವಾದ. ಬ್ರಾತ್ ಇವತ್ತೇ ಇಡುತ್ತೇನೆ. ಮ್ಯಾನೋಸ್ ಅಂದಾಗ ನೆನಪಾಯಿತು: ಪದೇಪದೇ ಸೋಂಕು ಬರುವ ಹೆಂಗಸರು ಡಿ-ಮ್ಯಾನೋಸ್ ಪುಡಿ ತೆಗೆದುಕೊಳ್ಳಬಹುದಾ ಅಂತ ಕೇಳುತ್ತಾರೆ. ಸ್ಲೈಡ್ ಮೇಲೆ ತಡೆದದ್ದು ಮೈಯಲ್ಲೂ ತಡೆಯುತ್ತದಾ?

ಪಿಎಚ್‌ಡಿ ವಿದ್ಯಾರ್ಥಿ, ಪುಣೆ

ಬ್ರಿಟನ್ನಿನಲ್ಲಿ 598 ಮಹಿಳೆಯರಿಗೆ 6 ತಿಂಗಳು ದಿನಾ ಡಿ-ಮ್ಯಾನೋಸ್ ಅಥವಾ ಹೋಲಿಕೆಗೆಂದು ಬರೀ ತೋರಿಕೆಯ ಪುಡಿ ಕೊಟ್ಟು ನೋಡಿದರು. 2024ರಲ್ಲಿ ಫಲಿತಾಂಶ ಬಂತು, ಸೋಂಕು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಫಿಮ್‌ಎಚ್‌ನ ಹಿಡಿತವೂ ಸಾಮಾನ್ಯದ್ದಲ್ಲ, ಮೂತ್ರ ಹರಿದು ಎಳೆದಷ್ಟೂ ಬಿಗಿಯಾಗುತ್ತದೆ. ಕೇಳಿದವರನ್ನು ಡಾಕ್ಟರ ಹತ್ತಿರವೇ ಕಳಿಸಿ ಅಕ್ಕಾ.